ಮಹಿಳೆಯರ ಹೃದ್ರೋಗ: ಅಧ್ಯಯನದ ಇತಿಹಾಸ

ಹೆಣ್ಣಿನ ಹೃದಯದ ಕಡೆ ವೈದ್ಯಶಾಸ್ತ್ರ ಕಣ್ಣು ಹಾಯಿಸಿದ್ದು ಯಾವಾಗ? ಸಾಮಾನ್ಯವಾಗಿ ಸಿಗುವ ಉತ್ತರ 1991. ಗಂಡಸಿನ ಹಾಗೆಯೇ ರೋಗ ತೋರಿಸಿಕೊಂಡರಷ್ಟೇ ಹೆಂಗಸಿಗೆ ತಕ್ಕ ಚಿಕಿತ್ಸೆ ಸಿಗುತ್ತದೆ ಎಂದು ಆ ವರ್ಷ ಅಮೆರಿಕದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ ಬರೆದರು. ಅದನ್ನು ‘ಯೆಂಟಲ್ ಸಿಂಡ್ರೋಮ್’ ಎಂದು ಕರೆದರು. ಹಾಗೆ ಬರೆಯಲು ಕಾರಣವೂ ಇತ್ತು. ಆಸ್ಪಿರಿನ್ ಹೃದಯಾಘಾತ ತಡೆಯುವುದೇ ಎಂದು ನೋಡಿದ ಪ್ರಸಿದ್ಧ ಅಧ್ಯಯನದಲ್ಲಿದ್ದ 22,071 ವೈದ್ಯರೂ ಗಂಡಸರೇ.

1991 ಎಂಬ ಈ ಲೆಕ್ಕ ಭಾರತಕ್ಕೆ ಹೊಂದುವುದಿಲ್ಲ.

ದೇಶದ ಮೊದಲ ಹೃದ್ರೋಗ ತಜ್ಞೆ ಎಸ್. ಪದ್ಮಾವತಿ (1917–2020) ಬರ್ಮಾದಲ್ಲಿ ಹುಟ್ಟಿ ರಂಗೂನಿನಲ್ಲಿ ಓದಿದವರು. ಅಮೆರಿಕದಲ್ಲಿ ಹೆಲೆನ್ ಟಾಸಿಗ್, ಪಾಲ್ ಡಡ್ಲಿ ವೈಟ್ ಅವರ ಬಳಿ ಕಲಿತು, ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು ಸೇರಿದರು. ಅವರ ಪರಿಚಯ ಲೇಖನಗಳು ಹೆಚ್ಚಾಗಿ ಪದವಿ, ಪದ್ಮವಿಭೂಷಣಗಳಲ್ಲೇ ಮುಗಿಯುತ್ತವೆ. ಆದರೆ ತಿರುವು ಇರುವುದು ಸಹೋದ್ಯೋಗಿಯೊಬ್ಬರ ಜೊತೆ ಅವರು 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ. ಕಾರ್ ಪಲ್ಮೊನೇಲ್ ರೋಗದ 127 ಪ್ರಕರಣಗಳ ಅಧ್ಯಯನ ಅದು. ಶ್ವಾಸಕೋಶ ಕೆಟ್ಟು, ಅದರೊಳಗೆ ರಕ್ತ ನೂಕಿ ನೂಕಿ ಹೃದಯದ ಬಲಭಾಗ ಸೋಲುವ, ಕಾಲು ಬಾತುಕೊಳ್ಳುವ ರೋಗ. ಬೀಡಿ, ಸಿಗರೇಟು ಸೇದುವವರು ಹೆಚ್ಚಾಗಿ ಗಂಡಸರು. ಆದರೂ ಹೆಂಗಸರಲ್ಲಿ ರೋಗ ಅಷ್ಟೇ ಇತ್ತು. ಹತ್ತು ಹದಿನೈದು ವರ್ಷ ಮೊದಲೇ ಕಾಣಿಸಿಕೊಂಡಿತ್ತು. ಎಳೆ ವಯಸ್ಸಿನಿಂದ ಕುಡಿದ ಒಲೆಯ ಹೊಗೆಯತ್ತ ಪದ್ಮಾವತಿ ಬೊಟ್ಟು ಮಾಡಿದರು.

ರೋಣ, ನರಗುಂದ, ಗಜೇಂದ್ರಗಡದ ಎರೆ ಸೀಮೆಯವರಿಗೆ ಈ ಹೊಗೆಯನ್ನು ಬಿಡಿಸಿ ಹೇಳಬೇಕಿಲ್ಲ. ಅರಳೆ ಬಿಡಿಸಿದ ಮೇಲೆ ಕಿತ್ತು ತಂದ ಹತ್ತಿಕಟ್ಟಿಗೆ, ಮಳೆಗಾಲದಲ್ಲಿ ಥಂಡಿ ಹಿಡಿದ ಕುಳ್ಳು, ಕೈಯಲ್ಲೊಂದು ಊದುಗೊಳವೆ. ಅನ್ನವಾದರೆ ಒಲೆಯ ಮೇಲಿಟ್ಟು ಹೊರಗೆ ಹೋಗಿ ಬರಬಹುದು. ಜೋಳದ ರೊಟ್ಟಿಗೆ ಹಾಗಾಗದು: ಒಂದು ಹಂಚಿನ ಮೇಲೆ ಬೇಯುವಾಗ ಇನ್ನೊಂದನ್ನು ಬಡಿಯಬೇಕು, ನೀರು ಸವರಬೇಕು, ತಿರುವಿ ಹಾಕಬೇಕು. ಮನೆಮಂದಿಗೆಲ್ಲ ಆಗುವಷ್ಟು ರೊಟ್ಟಿ ಮುಗಿಯುವ ತನಕ ಮುಖ ಒಲೆಯ ಮುಂದೆಯೇ. ಅಡುಗೆ ಅನಿಲದ ಉಜ್ವಲಾ ಯೋಜನೆ ಆರಂಭವಾದದ್ದು 2016ರಲ್ಲಿ, ಆ ಪ್ರಬಂಧ ಬಂದು 57 ವರ್ಷಗಳ ಮೇಲೆ.

ಇನ್ನೊಂದು ಅಧ್ಯಾಯ ಸಂಧಿವಾತ ಜ್ವರದ್ದು. ಬಾಲ್ಯದ ಗಂಟಲು ಸೋಂಕಿನಿಂದ ಶುರುವಾಗುವ ಇದು ಹೃದಯದ ಮೈಟ್ರಲ್ ಕವಾಟವನ್ನು ಕಿರಿದಾಗಿಸುತ್ತದೆ. ಹಾಗೆ ಕಿರಿದಾಗುವುದು ಹೆಣ್ಣುಮಕ್ಕಳಲ್ಲೇ ಹೆಚ್ಚು. ಬಸುರಿನಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಏರುವುದರಿಂದ, ಅಲ್ಲಿಯವರೆಗೆ ಸುಮ್ಮನಿದ್ದ ಕವಾಟದ ದೋಷ ದಮ್ಮಾಗಿ ಹೊರಬೀಳುತ್ತದೆ. ‘ಬಸುರಿಗೆ ದಮ್ಮು ಸಹಜ’ ಎಂದು ಮನೆಯವರು ತಳ್ಳಿಹಾಕುವುದೇ ಇಲ್ಲಿನ ಅಪಾಯ.

ಇನ್ನು ಹೃದಯಾಘಾತದ ಮಾತು. 2023ರಲ್ಲಿ ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಎದೆನೋವಿನ ಜೊತೆಗೋ ಅದಿಲ್ಲದೆಯೋ ಸುಸ್ತು, ವಾಕರಿಕೆ, ಬೆನ್ನು ದವಡೆಗಳ ನೋವು ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತವೆ. ಅವನ್ನು ‘ಗ್ಯಾಸ್’ ಎಂದುಕೊಂಡು ಸೋಡಾ ಕುಡಿದು ಮಲಗಿದವಳ ಇಸಿಜಿ ಆ ತಜ್ಞರಿಗೆ ತಲುಪುವುದೇ ಇಲ್ಲ.