ಗಣಿಗಾರರು ಕೊಟ್ಟ ವಿದ್ಯಾರ್ಥಿವೇತನ

ವಿದ್ಯಾರ್ಥಿವೇತನವೆಂದೊಡನೆ ನಮಗೆ ನೆನಪಾಗುವವನು ದಾನಿ. ಅರಸನೋ ವರ್ತಕನೋ ಬಡಹುಡುಗನ ಕೈಗೆ ಹಣವಿತ್ತು ಓದಲು ಕಳುಹಿಸುವ ದೃಶ್ಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಲ್ಲಿದ್ದ ಪದ್ಧತಿಯಾದರೋ ಬೇರೆ. ಅಲ್ಲಿ ಭೂಗರ್ಭದ ಕತ್ತಲೆಯಲ್ಲಿ ದುಡಿಯುತ್ತಿದ್ದವರೇ, ತಮ್ಮ ಕೂಲಿಯಿಂದ ಸಂಘಕ್ಕೆ ತೆತ್ತ ಚಂದಾಹಣದ ಬಲದಿಂದ ತಮ್ಮೊಳಗಿನ ಚುರುಕಾದ ತರುಣರನ್ನು ಆರಿಸಿ, ಗುದ್ದಲಿಯನ್ನು ಕೆಳಗಿಡಿಸಿ ಪುಸ್ತಕವನ್ನು ಕೈಗೆ ಕೊಡುತ್ತಿದ್ದರು.

ಈ ವಿದ್ಯೆಯ ಅವಶ್ಯಕತೆ ಎಷ್ಟು ತೀವ್ರವಾಗಿದ್ದಿತೆಂಬುದನ್ನು ಅರಿಯಬೇಕಾದರೆ 1897ರ ಕಾರ್ಮಿಕ ಪರಿಹಾರ ಶಾಸನವನ್ನು ನೋಡಬೇಕು. ಕೆಲಸದಲ್ಲಿ ಅಪಘಾತಕ್ಕೀಡಾದವನಿಗೆ ವಾರದ ಕೂಲಿಯ ಅರ್ಧದಷ್ಟನ್ನು, ಒಂದು ಪೌಂಡಿಗೆ ಮೀರದಂತೆ, ಮಾಲೀಕನು ಕೊಡತಕ್ಕದ್ದೆಂದು ಅದು ವಿಧಿಸಿತು. ಆದರೆ ಕಾಗದದ ಮೇಲಿನ ಹಕ್ಕನ್ನು ಕೈಗೆ ತಂದುಕೊಳ್ಳುವ ಹೊರೆ ಗಾಯಾಳುವಿನದೇ. ಮುರಿದ ಕೈ ಇನ್ನೂ ಮುಷ್ಟಿ ಕಟ್ಟಲಾರದೆ ಇರುವಾಗಲೇ ಕಂಪನಿಯ ವೈದ್ಯನು ಇವನು ಹಗುರವಾದ ಕೆಲಸಕ್ಕೆ ಯೋಗ್ಯನೆಂದು ಬರೆದುಕೊಟ್ಟರೆ, ಅಂಥ ಕೆಲಸ ಆ ಗಣಿಯಲ್ಲಿ ಇರಲಿ ಇಲ್ಲದಿರಲಿ, ಪರಿಹಾರ ಕುಗ್ಗುತ್ತಿತ್ತು. ‘ಹಗುರವಾದ ಕೆಲಸ’ವೆಂಬ ಆ ಒಂದು ಮಾತಿನ ಅರ್ಥಕ್ಕಾಗಿ ವಾದಿಸಬಲ್ಲವನು ಸಂಘದಲ್ಲಿದ್ದರೆ ಒಂದು ಮನೆಯ ಒಲೆ ಉರಿಯುತ್ತಿತ್ತು, ಇಲ್ಲವಾದರೆ ಆರುತ್ತಿತ್ತು.

ಶ್ರಮಿಕರಿಗೆಂದೇ ಆಕ್ಸ್‌ಫರ್ಡಿನಲ್ಲಿ 1899ರಲ್ಲಿ ಸ್ಥಾಪಿತವಾದ ರಸ್ಕಿನ್ ಕಾಲೇಜಿಗೆ ಗಣಿಯ ತರುಣರೂ ಹೋದರು. ಆದರೆ ಅಲ್ಲಿ ಕಲಿಸುವ ಅರ್ಥಶಾಸ್ತ್ರ ಯಾರ ಕಣ್ಣಿನಿಂದ ಲೋಕವನ್ನು ಕಾಣುತ್ತದೆಂಬ ಜಗಳ ಬೆಳೆದು, 1909ರಲ್ಲಿ ಪ್ರಾಂಶುಪಾಲ ಡೆನಿಸ್ ಹರ್ಡ್ ಪದಚ್ಯುತರಾದಾಗ, ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿದರು. ಆ ಮುಷ್ಕರದಿಂದ ಹುಟ್ಟಿದ್ದೇ ಸೆಂಟ್ರಲ್ ಲೇಬರ್ ಕಾಲೇಜು. 1911ರಲ್ಲಿ ಅದು ಲಂಡನ್ನಿಗೆ ಬಂದಿತು. ದಕ್ಷಿಣ ವೇಲ್ಸಿನ ಗಣಿಗಾರರ ಒಕ್ಕೂಟವೂ ರೈಲ್ವೆ ನೌಕರರ ಸಂಘವೂ ಅದನ್ನು ಸಾಕಿದುವು.

ಗಣಿಗಾರರ ವಿದ್ಯಾರ್ಥಿವೇತನ ಪಡೆದು 1919ರಲ್ಲಿ ಅಲ್ಲಿಗೆ ಬಂದವರಲ್ಲಿ ಇಬ್ಬರು, ಟ್ರೆಡೀಗರಿನ ಅನೈರಿನ್ ಬೆವನ್ ಮತ್ತು ಅಮ್ಮನ್‌ಫರ್ಡ್ ಕಡೆಯ ಜೇಮ್ಸ್ ಗ್ರಿಫಿತ್ಸ್. ಇಬ್ಬರೂ ಬಾಲ್ಯದಲ್ಲಿಯೇ ಗಣಿಗಿಳಿದವರು. 1921ರಲ್ಲಿ ಓದು ಮುಗಿಸಿ ಊರಿಗೆ ಮರಳಿದ ಬೆವನ್ನರಿಗೆ ಗಣಿಯಲ್ಲಿ ಕೆಲಸವೇ ದೊರೆಯಲಿಲ್ಲ. 1925ರಲ್ಲಿ ಅವರ ತಂದೆ ಕಲ್ಲಿದ್ದಲ ಧೂಳಿನ ಶ್ವಾಸರೋಗದಿಂದ ಮಗನ ತೋಳುಗಳಲ್ಲಿಯೇ ಪ್ರಾಣಬಿಟ್ಟರು. ಆ ರೋಗವು ಆಗ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಇರದಿದ್ದುದರಿಂದ ಪರಿಹಾರವೆಂದು ಒಂದು ಕಾಸೂ ಬರಲಿಲ್ಲ. ಕೋಲಾರದ ಚಿನ್ನದ ಗಣಿಯ ಲೈನುಗಳಲ್ಲಿ ಏದುಸಿರು ಬಿಡುತ್ತ ಕುಳಿತ ಮುದುಕರನ್ನು ಕಂಡ ನಮ್ಮವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರಗ್ರಂಥಗಳು ಕಲಿಸದ ಪಾಠವನ್ನು ಆ ಪಟ್ಟಿಯು ಬೆವನ್ನರಿಗೆ ಕಲಿಸಿರಬೇಕೆಂದು ನಾನು ನಂಬುತ್ತೇನೆ.

ಕಾಲೇಜು 1929ರಲ್ಲಿ ಮುಚ್ಚಿತು. ಮುಷ್ಕರಗಳಿಂದಲೂ ನಿರುದ್ಯೋಗದಿಂದಲೂ ಬಸವಳಿದ ಸಂಘಗಳಿಗೆ ಅದನ್ನು ಸಾಕುವ ಶಕ್ತಿ ಉಳಿದಿರಲಿಲ್ಲ. ಅದೇ ವರ್ಷ ಬೆವನ್ ಪಾರ್ಲಿಮೆಂಟನ್ನು ಪ್ರವೇಶಿಸಿದರು, 1936ರಲ್ಲಿ ಗ್ರಿಫಿತ್ಸ್. ಮಹಾಯುದ್ಧಾನಂತರ ಮಂತ್ರಿಯಾದ ಗ್ರಿಫಿತ್ಸ್ ತಂದ 1946ರ ಔದ್ಯೋಗಿಕ ಅಪಘಾತ ವಿಮಾ ಶಾಸನವು, ಗಾಯಾಳು ಮಾಲೀಕನೊಡನೆ ಹೋರಾಡಿ ಪರಿಹಾರ ಪಡೆಯಬೇಕಾಗಿದ್ದ ಹಳೆಯ ಪದ್ಧತಿಯನ್ನು ತೆಗೆದು, ಆ ಹೊಣೆಯನ್ನು ರಾಷ್ಟ್ರದ ವಿಮಾನಿಧಿಗೆ ಒಪ್ಪಿಸಿತು. ಅದು ಜಾರಿಗೆ ಬಂದದ್ದು 1948ರ ಜುಲೈ 5ರಂದು. ಆ ದಿನವೇ, ಸಹಪಾಠಿ ಬೆವನ್ ಕಟ್ಟಿದ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳೂ ಹಣ ಕೇಳದೆ ಬಾಗಿಲು ತೆರೆದುವು.