ಹಗೇವಿನಿಂದ ಮಾಲ್‌ವರೆಗೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ದಿನವೂ ರಾಗಿಮುದ್ದೆ. ನೆಂಟರು ಬಂದರೆ ಮಾತ್ರ ಅನ್ನ. ನೆಂಟರ ಮುಂದೆ ಮುದ್ದೆ ಇಡಲು ಅಪ್ಪನಿಗೆ ಮುಜುಗರ. ಇಂದು ಪುಣೆಯ ಮಾಲ್‌ನಲ್ಲಿ ಅದೇ ರಾಗಿ ‘ಸೂಪರ್‌ಫುಡ್’.

ಹಳೆ ಮೈಸೂರಿನ ರೈತರು ರಾಗಿಯನ್ನು ಹಗೇವು ಎಂಬ ನೆಲಗುಳಿಯಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಬರಗಾಲಕ್ಕೆ ಅದೇ ಅವರ ವಿಮೆ. 1876-78ರಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಹಗೇವುಗಳೂ ಬರಿದಾದವು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕಿಳಿಯಿತು.

ಮುಂದೆ ಹಸಿರು ಕ್ರಾಂತಿಯ ನೀರು, ಗೊಬ್ಬರ, ಸರ್ಕಾರಿ ಖರೀದಿ ಹೆಚ್ಚಾಗಿ ಒಲಿದದ್ದು ಅಕ್ಕಿ, ಗೋಧಿಗೆ. ಪಡಿತರದಲ್ಲೂ ಅವೇ ಬಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿ ಕೊಟ್ಟರು. ಇಳುವರಿ ಏರಿತು, ಮರ್ಯಾದೆ ಏರಲಿಲ್ಲ.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಆಗಲೂ ಇತ್ತು. ಧಾನ್ಯ ಅದೇ, ತಿನ್ನುವವರು ಬದಲಾದರು. ಅಪ್ಪನ ಮುಜುಗರ ನನಗೆ ಡಾಕ್ಟರ ಸಲಹೆಯಾಗಿದೆ. ಮಾಲ್‌ನಲ್ಲಿ ಬಿಲ್ ಕಟ್ಟುವಾಗಲೆಲ್ಲ ಒಂದೇ ಪ್ರಶ್ನೆ: ಇದರಲ್ಲಿ ಬೆಳೆದವನ ಪಾಲೆಷ್ಟು?