ಬಾಣಬಿರುಸಿನ ಲೋಹಗಳೂ ಶ್ರಾವಕನ ವಿವೇಕವೂ

ಭಗವಾನ್ ಮಹಾವೀರಸ್ವಾಮಿಯು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಪುಣ್ಯದಿನವೇ ಜೈನರ ದೀಪಾವಳಿ. ಪುನ್ನಾಟ ಸಂಘದ ಆಚಾರ್ಯ ಜಿನಸೇನರು ಶಕವರ್ಷ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ರಚಿಸಿದ ಹರಿವಂಶಪುರಾಣದಲ್ಲಿ ಅಂದು ಪಾವಾನಗರವನ್ನು ಬೆಳಗಿದ ದೀಪಮಾಲಿಕೆಯ ವರ್ಣನೆಯಿದೆ. ಅಲ್ಲಿ ಬೆಳಕುಂಟು, ಸಿಡಿಮದ್ದಿಲ್ಲ. ಸಿಡಿಮದ್ದು ಭಾರತವನ್ನು ಪ್ರವೇಶಿಸಿದ್ದು ಅದಾಗಿ ಶತಮಾನಗಳು ಕಳೆದ ಮೇಲೆ.

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ಬಾಣಬಿರುಸುಗಳನ್ನು ಕಂಡು ಬೆರಗಾದನು. ಒರಿಸ್ಸಾದ ಗಜಪತಿ ಪ್ರತಾಪರುದ್ರದೇವನ ಹೆಸರಿನಲ್ಲಿರುವ ಕೌತುಕಚಿಂತಾಮಣಿಯಲ್ಲಿ ಇಂತಹ ಮದ್ದುಗಳ ವಿವರಗಳಿವೆ. ವಿದ್ವಾಂಸ ಪಿ. ಕೆ. ಗೋಡೆಯವರು 1953ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಪರಿಶೀಲಿಸಿದ್ದಾರೆ. ಗಂಧಕ, ಇದ್ದಿಲುಗಳ ಜೊತೆಗೆ ಉಕ್ಕಿನ ಪುಡಿ, ತಾಮ್ರದ ಕಿಲುಬು, ಹರಿದಾಳ, ಪಾದರಸದ ಅದಿರಾದ ಇಂಗಳಿಕ ಮುಂತಾದವು ಅಲ್ಲಿ ಬರುತ್ತವೆ. ಕಬ್ಬಿಣದ ಕಣವು ಗಾಳಿಯಲ್ಲಿ ಉರಿದು ಹೊನ್ನಿನ ಕಿಡಿಯಾಗುವುದೇ ಆ ಕಾಲದ ವಿಸ್ಮಯ.

1808ರಲ್ಲಿ ಹಂಫ್ರಿ ಡೇವಿಯು ಮೆಗ್ನೀಸಿಯಮ್ಮನ್ನು ಬೇರ್ಪಡಿಸಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದೂ, ಶತಮಾನದ ಕೊನೆಗೆ ಅಲ್ಯೂಮಿನಿಯಮ್ಮೂ ಬಾಣಬಿರುಸಿಗೆ ಕಣ್ಣು ಕೋರೈಸುವ ಬಿಳುಪನ್ನು ಕೊಟ್ಟವು. ಇಪ್ಪತ್ತನೆಯ ಶತಮಾನದಲ್ಲಿ ಟೈಟೇನಿಯಂ ಬಂದಿತು. ಹೊಸ ಲೋಹ ದೊರೆತಂತೆಲ್ಲ ಬೆಳಕು ಹೆಚ್ಚಿತು, ಅಪಾಯವೂ ಹೆಚ್ಚಿತು. ಲೋಹವು ನುಣ್ಣಗಾದಷ್ಟೂ ಬೇಗ ಹೊತ್ತಿಕೊಳ್ಳುತ್ತದೆ. ಉರಿಯುವ ಮೆಗ್ನೀಸಿಯಂ ಮೇಲೆ ನೀರೆರೆದರೆ ಜಲಜನಕ ಹೊಮ್ಮಿ ಬೆಂಕಿ ಮತ್ತಷ್ಟು ಕೆರಳುತ್ತದೆ. ಕುತೂಹಲದಿಂದ ಮನೆಯಲ್ಲೇ ಮದ್ದು ಬೆರೆಸಹೊರಡುವ ತರುಣನಿಗೆ ಈ ಸ್ವಭಾವ ತಿಳಿಯುವ ವೇಳೆಗೆ ಅವನ ಕೈಯೋ ಕಣ್ಣೋ ಹೋಗಿರುತ್ತದೆ. ಪರವಾನಗಿಯಿಲ್ಲದ ಇಂತಹ ತಯಾರಿಕೆಯು 1884ರ ಸ್ಫೋಟಕಗಳ ಕಾಯಿದೆಯಂತೆ ಅಪರಾಧವೂ ಹೌದು. 2017ರ ಜುಲೈ 31ರಂದು ಸರ್ವೋಚ್ಚ ನ್ಯಾಯಾಲಯವು ಪಟಾಕಿಗಳಲ್ಲಿ ಆಂಟಿಮನಿ, ಲಿಥಿಯಂ, ಪಾದರಸ, ಆರ್ಸೆನಿಕ್, ಸೀಸಗಳನ್ನು ನಿಷೇಧಿಸಿತು. ಹಳೆಯ ಗ್ರಂಥದ ಇಂಗಳಿಕದಲ್ಲಿರುವುದು ಪಾದರಸವೇ, ಹರಿದಾಳದಲ್ಲಿರುವುದು ಆರ್ಸೆನಿಕ್ಕೇ.

ಆದರೆ ಶ್ರಾವಕನು ಕಾನೂನಿಗಾಗಿ ಕಾಯಬೇಕಾಗಿರಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕ ಪಾಪಗಳನ್ನು ಅನರ್ಥದಂಡವೆಂದು ಕರೆದು ಐದು ಬಗೆಯಾಗಿ ವಿಂಗಡಿಸುತ್ತದೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕೆದಕುವುದು ಪ್ರಮಾದಚರ್ಯೆ. ಕೊಲ್ಲುವ ಸಾಧನವನ್ನೂ ಬೆಂಕಿಯನ್ನೂ ಪರರ ಕೈಗೆ ಕೊಡುವುದು ಹಿಂಸಾದಾನ. ಭೂಮಿಯಿಂದ ಅಗೆದ ಲೋಹವನ್ನು ಕ್ಷಣದ ವಿನೋದಕ್ಕಾಗಿ ಉರಿಸಿದಾಗ ಪೃಥ್ವೀಕಾಯ, ಅಗ್ನಿಕಾಯ, ವಾಯುಕಾಯ ಜೀವಿಗಳಿಗೂ ದೀಪಕ್ಕೆ ಮುತ್ತುವ ಕ್ರಿಮಿಕೀಟಗಳಿಗೂ ಘಾತವಾಗುತ್ತದೆ. ಉದ್ದೇಶವನ್ನರಿತೂ ಮದ್ದಿನ ಸಾಮಗ್ರಿಯನ್ನು ಹುಡುಗರಿಗೆ ಮಾರುವ ವರ್ತಕನಿಗೆ ಬರುವುದು ಲಾಭವಷ್ಟೇ ಅಲ್ಲ; ಹಿಂಸಾದಾನದ ದೋಷವೂ ಅವನ ಲೆಕ್ಕಕ್ಕೇ ಸೇರುತ್ತದೆ.

ಆದುದರಿಂದ ನಿರ್ವಾಣೋತ್ಸವದಂದು ಬಸದಿಯ ಅಂಗಳದಲ್ಲಿ ಸಿಡಿಮದ್ದಿಗೆ ಎಡೆಗೊಡದಿರುವುದು ಆಡಳಿತ ಮಂಡಳಿಗಳ ಕರ್ತವ್ಯ. ಲೋಹಗಳ ಗುಣವನ್ನು ಅರಿಯಬಯಸುವ ಮಕ್ಕಳಿಗೆ ಶಾಲೆಯ ಪ್ರಯೋಗಾಲಯವಿದೆ, ಗುರುಗಳಿದ್ದಾರೆ. ಜ್ಞಾನದ ಹಸಿವು ದೋಷವಲ್ಲ, ಅಜಾಗರೂಕತೆಯೇ ದೋಷ. ಪಾವಾಪುರಿಯ ನೆನಪಿಗೆ ಒಂದು ಹಣತೆಯ ಬೆಳಕು ಸಾಕು.